ಸತ್ಯಾಂಶ: 1 ಟಿಬಿ ಅಂತ ತೋರಿಸಿದರೆ ಪೆನ್‌ಡ್ರೈವ್ ಒರಿಜಿನಲ್ಲಾ?

ಹೋಲ್‌ಸೇಲ್‌ನಲ್ಲಿ ಪೆನ್‌ಡ್ರೈವ್ ಕೊಳ್ಳುವವರಿಗೆ ಒಂದು ಫಾರ್ವರ್ಡ್: ಕಂಪ್ಯೂಟರ್‌ಗೆ ಹಾಕಿ ನೋಡಿ, 1 ಟಿಬಿ ತೋರಿಸಿದರೆ ಒರಿಜಿನಲ್. ಇದು ತಪ್ಪು. ಕಂಪ್ಯೂಟರ್ ತಾನಾಗಿ ಅಳೆಯುವುದಿಲ್ಲ, ಒಳಗಿನ ಕಂಟ್ರೋಲರ್ ಚಿಪ್ ಹೇಳಿದ್ದನ್ನೇ ತೋರಿಸುತ್ತದೆ, ಆ ಚಿಪ್‌ಗೇ ಸುಳ್ಳು ಹೇಳಿಕೊಟ್ಟಿದ್ದರೆ 32 ಜಿಬಿಯೂ 1 ಟಿಬಿ ಆಗಿಬಿಡುತ್ತದೆ. 32 ಜಿಬಿ ತುಂಬುವವರೆಗೆ ಏನೂ ಗೊತ್ತಾಗಲ್ಲ. ಆಮೇಲೆ ಹಾಕಿದ ಮದುವೆ ವಿಡಿಯೋ ಹೆಸರು ಕಾಣುತ್ತದೆ, ಸೈಜೂ ಸರಿ ಇರುತ್ತದೆ, ತೆರೆದರೆ ಓಡುವುದಿಲ್ಲ.

ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಡ್ರೈವನ್ನು ಪೂರ್ತಿ ತುಂಬಿಸಿ ವಾಪಸ್ ಓದಿ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ನಿಜ. ಅದಕ್ಕೇ ಬೆಂಗಳೂರಿನ ಎಸ್‌ಪಿ ರೋಡಲ್ಲಿ ನೂರು ಪೀಸ್ ಕೊಳ್ಳುವ ಮೊದಲು, ಅಂಗಡಿಯವರು ಕೈಗೆ ಕೊಟ್ಟ ಸ್ಯಾಂಪಲ್ ಬೇಡ, ಡಬ್ಬಿಯ ಮಧ್ಯದಿಂದ ನೀವೇ ಎರಡು ಮೂರು ಆರಿಸಿ, ಬಿಲ್ ಹಾಕಿಸಿ ತಂದು ಪರೀಕ್ಷೆ ಮಾಡಿ. ಬಿಲ್ ಕೊಡಲ್ಲ ಅಂದರೆ ಸುಮ್ನೆ ಪಕ್ಕದ ಅಂಗಡಿಗೆ ಹೋಗಿ.