ನನಗೆ ನಾನೇ ಕೊಟ್ಟುಕೊಂಡ ಆರೂವರೆ

ಮೊನ್ನೆ ರಾತ್ರಿ ಒಂದು ಇಂಗ್ಲಿಷ್ ಪ್ರಬಂಧ ಬರೆದು ನನಗೆ ನಾನೇ ಏಳು ಅಂಕ ಕೊಟ್ಟುಕೊಂಡೆ. ಬೆಳಿಗ್ಗೆ ಎದ್ದು ಅದನ್ನು ಐದೂವರೆಗೆ ಇಳಿಸಿದೆ. ಮಧ್ಯಾಹ್ನ ರೊಟ್ಟಿ ಊಟ ಆದ ಮೇಲೆ ಮನಸ್ಸು ಕರಗಿ ಆರೂವರೆ ಮಾಡಿದೆ. ಪ್ರಬಂಧ ಅದೇ, ಹಾಳೆ ಅದೇ, ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಬದಲಾಗಿದ್ದು ನನ್ನ ಹೊಟ್ಟೆ ಮಾತ್ರ.

ನಾನು ತಯಾರಿ ಮಾಡುತ್ತಿರುವುದು ಹೊರದೇಶಕ್ಕೆ ಹೋಗುವವರು ಬರೆಯುವ, 9ಕ್ಕೆ ಅಂಕ ಹಾಕುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ. ಗದಗಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ, ಇಂಗ್ಲೆಂಡಿಗೆ ಹೋಗುವ ಆಸೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನವರು ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲೂ 7 ಬೇಕು ಅನ್ನುತ್ತಾರೆ. ಬರೆಯುವುದರಲ್ಲಿ ಮಾತ್ರ 6.5 ಸಾಕು. ಮೊದಲು ಅದಕ್ಕೂ 7 ಇತ್ತು. 2018ರ ಕೊನೆಗೆ ಅರ್ಧ ಇಳಿಸಿದರು. ಆ ಅರ್ಧದ ಹಿಂದೆ ಎಷ್ಟು ನರ್ಸುಗಳ ಕಣ್ಣೀರಿದೆಯೋ, ನನಗಂತೂ ಅದನ್ನು ನೆನೆಸಿಕೊಂಡರೆ ಧೈರ್ಯ ಬರುತ್ತದೆ.

ಕೇಳುವುದು, ಓದುವುದು ಸರಳ. ಒಂದೊಂದರಲ್ಲಿ 40 ಪ್ರಶ್ನೆ. ಉತ್ತರ ಪುಸ್ತಕದ ಹಿಂದೆ ಇರುತ್ತದೆ. ಟಿಕ್ ಹಾಕು, ಎಣಿಸು, ಮಲಗು. ಬರವಣಿಗೆಗೆ ಹಿಂದಿನ ಪುಟವೇ ಇಲ್ಲ. ಒಂದು ಗಂಟೆಯಲ್ಲಿ ಎರಡು ಬರಹ. ಮೊದಲನೆಯದು 150 ಪದಕ್ಕೆ ಕಮ್ಮಿ ಇರಬಾರದು. ಯಾವುದೋ ಊರಲ್ಲಿ ಬಸ್ಸು, ಕಾರು, ಸೈಕಲ್ ಎಷ್ಟೆಷ್ಟು ಓಡಿದವು ಅಂತ ಗೆರೆ ಎಳೆದಿರುತ್ತಾರೆ, ಅದನ್ನು ಮಾತಿನಲ್ಲಿ ಹೇಳಬೇಕು. ಎರಡನೆಯದು 250 ಪದದ ಪ್ರಬಂಧ. ಅದಕ್ಕೆ 40 ನಿಮಿಷ, ತೂಕವೂ ಮೊದಲನೆಯದರ ಎರಡು ಪಟ್ಟು. ಬರೆದು ಮುಗಿಸಿದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಆರೋಪಿಯೂ ನಾನೇ, ಜಡ್ಜೂ ನಾನೇ. ಆರೋಪಿ ಅಳುಮುಖ ಮಾಡಿದರೆ ಜಡ್ಜ್ ಕರಗುತ್ತಾಳೆ.

ಹಾಗಂತ ಅಳತೆಗೋಲು ಇಲ್ಲ ಅಂತಲ್ಲ. ಪರೀಕ್ಷೆಯವರೇ ಎಲ್ಲರಿಗೂ ಸಿಗುವಂತೆ ಒಂದು ಪಟ್ಟಿ ಇಟ್ಟಿದ್ದಾರೆ. ನೋಡುವುದು ನಾಲ್ಕು ಸಂಗತಿ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀಯಾ, ಮಾತು ಒಂದಕ್ಕೊಂದು ಹೊಂದಿಕೊಂಡು ಸಾಗುತ್ತದಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮ ಪಾಲು. ನಾನು ಅದನ್ನು ಪ್ರಿಂಟ್ ತೆಗೆಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೇನೆ. ದಿನಾ ಓದುತ್ತೇನೆ. ಓದಿದಷ್ಟೂ ಗೊಂದಲ ಜಾಸ್ತಿ. ವ್ಯಾಕರಣದ ಸಾಲಿನಲ್ಲಿ 7 ಬೇಕಾದರೆ ತಪ್ಪಿಲ್ಲದ ವಾಕ್ಯಗಳು ಆಗಾಗ ಬರಬೇಕು, 8 ಬೇಕಾದರೆ ಬಹುಪಾಲು ವಾಕ್ಯಗಳಲ್ಲಿ ತಪ್ಪಿರಬಾರದು ಎಂಬರ್ಥದ ಮಾತಿದೆ. ಆಗಾಗ ಅಂದರೆ ಎಷ್ಟು? ನಮ್ಮ ಮನೆಗೆ ನಳದ ನೀರೂ ಆಗಾಗ ಬರುತ್ತದೆ. ಪುಸ್ತಕ ನೋಡಿ ಅಡುಗೆ ಮಾಡುವಾಗ "ರುಚಿಗೆ ತಕ್ಕಷ್ಟು ಉಪ್ಪು" ಅಂತ ಬರೆದಿರುತ್ತಾರಲ್ಲ, ಹಾಗೆ. ಅಡುಗೆ ಬಲ್ಲವಳಿಗೆ ಆ ಮಾತು ಬೇಕಾಗಿಲ್ಲ, ಬಾರದವಳಿಗೆ ಅದರಿಂದ ಉಪಯೋಗವಿಲ್ಲ.

ಒಂದು ಕೆಲಸ ಮಾಡಿದೆ. ಸುಮ್ನೆ ವಾಕ್ಯ ಎಣಿಸಿದೆ. ಹದಿನೇಳು ವಾಕ್ಯದಲ್ಲಿ ತಪ್ಪಿಲ್ಲದ್ದು ಹನ್ನೆರಡು ಅಂತ ಬಂತು. ಖುಷಿಯಾಯಿತು. ಆಮೇಲೆ ಹೊಳೆಯಿತು: ಹನ್ನೆರಡರಲ್ಲಿ ತಪ್ಪಿಲ್ಲ ಅಂತ ಹೇಳಿದವಳು ಯಾರು? ಆ ತಪ್ಪುಗಳನ್ನು ಮಾಡಿದವಳೇ ಅಲ್ವಾ. ತಪ್ಪು ಅಂತ ಗೊತ್ತಿದ್ದರೆ ಮಾಡುತ್ತಲೇ ಇರಲಿಲ್ಲ.

ಇಂಗ್ಲಿಷಿನ 'ಎ' (a) ಮತ್ತು 'ದ' (the) ನನ್ನ ಶತ್ರುಗಳು. ಕನ್ನಡದಲ್ಲಿ ಈ ಕಾಟ ಇಲ್ಲ. "ಪೇಶಂಟ್ ಬಂದ್ರು" ಅಂದರೆ ಯಾವ ಪೇಶಂಟ್ ಅಂತ ವಾರ್ಡಿನಲ್ಲಿರುವ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಕೇಳುತ್ತಾರೆ. ಇದರ ಮೇಲೆ ನನ್ನ ಕೆಲಸವೂ ಬೆನ್ನಿಗೆ ಬಿದ್ದಿದೆ. ಆಸ್ಪತ್ರೆಯ ಕೇಸ್‌ಶೀಟಿನಲ್ಲಿ ಯಾರೂ 'ದ' ಬರೆಯುವುದಿಲ್ಲ. "ಪೇಶಂಟ್ ಕಂಫರ್ಟಬಲ್. ವೈಟಲ್ಸ್ ಸ್ಟೇಬಲ್." ಆರು ವರ್ಷದಿಂದ ಬರೆದ ಇಂಗ್ಲಿಷ್ ಎಲ್ಲ ಇದೇ. ಕ್ರಿಯಾಪದವೂ ಬೇಕಿಲ್ಲ. ರಾತ್ರಿ ಡ್ಯೂಟಿಯಲ್ಲಿ ಇಂಥ ನೂರು ಸಾಲು ಬರೆದು ಬಂದು, ಹಗಲಲ್ಲಿ ಕೂತು ನಗರದ ಮಕ್ಕಳಿಗೆ ಆಟದ ಮೈದಾನ ಬೇಕೋ ಬೇಡವೋ ಅಂತ ಪೂರ್ತಿ ವಾಕ್ಯದಲ್ಲಿ ಬರೆ ಅಂದರೆ ಕೈ ಎಲ್ಲಿಂದ ತಿರುಗಬೇಕು? "ಎರಡು ದಿನದಿಂದ ಜ್ವರ" ಅನ್ನುವುದನ್ನು "ಸಿನ್ಸ್ ಟೂ ಡೇಸ್" ಅಂತಲೇ ಬರೆಯುತ್ತಾ ಬಂದಿದ್ದೇನೆ. ಅದು "ಫಾರ್" ಆಗಬೇಕು ಅಂತ ಹೋದ ತಿಂಗಳು ತಿಳಿಯಿತು. ಅಷ್ಟೊತ್ತಿಗೆ ಎಷ್ಟು ಜನರಿಗೆ ತಪ್ಪು ವ್ಯಾಕರಣದಲ್ಲಿ ಜ್ವರ ಬಂದು ಹೋಗಿತ್ತೋ.

ನಮ್ಮ ಕೆಲಸದಲ್ಲಿ ಒಂದು ಕಳ್ಳಾಟ ಇದೆ. ಪೇಶಂಟ್ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಅಂತ ಎಣಿಸಬೇಕು. ಆದರೆ "ನಿಮ್ಮ ಉಸಿರು ಎಣಿಸ್ತೀನ್ರಿ" ಅಂತ ಹೇಳಬಾರದು. ಹೇಳಿದ ಕೂಡಲೇ ಅವನ ಉಸಿರು ಬದಲಾಗುತ್ತದೆ. ಒಬ್ಬ ದೀರ್ಘವಾಗಿ ಎಳೆಯುತ್ತಾನೆ, ಇನ್ನೊಬ್ಬ ಹಿಡಿದುಕೊಂಡೇ ಕೂರುತ್ತಾನೆ. ಅದಕ್ಕೇ ನಾಡಿ ಎಣಿಸಿದ ಮೇಲೂ ಕೈ ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವ ಹಾಗೆ ನಟಿಸುತ್ತಾ ಎದೆಯ ಏರಿಳಿತ ಎಣಿಸುತ್ತೇವೆ. ನನ್ನ ಪ್ರಬಂಧವನ್ನು ನಾನೇ ಅಳೆಯಲು ಕೂತಾಗ ಈ ಕಳ್ಳಾಟಕ್ಕೆ ಜಾಗವೇ ಇಲ್ಲ. ಪೇಶಂಟಿಗೆ ಮೊದಲೇ ಎಲ್ಲ ಗೊತ್ತು.

ಹಾಗಾದರೆ ಬೇರೆಯವರಿಗೆ ಕೊಡೋಣ ಅಂತ, ಜೊತೆಯ ನರ್ಸ್ ಒಬ್ಬಳೂ ಇದೇ ಪರೀಕ್ಷೆಗೆ ಓದುತ್ತಿದ್ದಾಳೆ, ಅವಳ ಹತ್ತಿರ ಹಾಳೆ ಬದಲಾಯಿಸಿಕೊಂಡೆ. ನಾನು ಅವಳಿಗೆ 7 ಹಾಕಿದೆ. ಅವಳು ನನಗೆ 7 ಹಾಕಿದಳು. ಮರುವಾರ ನಾನು ಏಳೂವರೆ ಹಾಕಿದೆ, ಅವಳೂ ಏಳೂವರೆ. ಮದುವೆಯ ಮುಯ್ಯಿ ಇದ್ದ ಹಾಗೆ. ಅವರು ಐನೂರು ಹಾಕಿದರೆ ನಾವು ನಾನೂರು ಹಾಕಲಿಕ್ಕೆ ಆಗುತ್ತದೆಯೇ? ಇನ್ನು ಮೂರು ವಾರ ಹೀಗೇ ನಡೆದಿದ್ದರೆ ಇಬ್ಬರಿಗೂ 9 ಬಂದು, ಪರೀಕ್ಷೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಕೊನೆಗೆ ಹಾಳೆ ಹೋಗಿದ್ದು ಅಪ್ಪನ ಕೈಗೆ. ನಾನು ಕೊಟ್ಟಿದ್ದಲ್ಲ, ಟೀಪಾಯಿ ಮೇಲೆ ಬಿದ್ದಿತ್ತು. ಅಪ್ಪ ಗದಗಿನ ಪ್ರೆಸ್ಸುಗಳಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವನು. ಈ ಊರನ್ನು ಮುದ್ರಣ ಕಾಶಿ ಅಂತ ಕರೆಯುತ್ತಿದ್ದುದನ್ನು ಈಗಲೂ ಎದೆ ಉಬ್ಬಿಸಿ ಹೇಳುತ್ತಾನೆ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಕಂಪ್ಯೂಟರ್ ತನಕ ಕಂಡಿದ್ದಾನೆ. ಇಂಗ್ಲಿಷ್ ಅಕ್ಷರ ಬರುತ್ತವೆ, ಇಂಗ್ಲಿಷ್ ಬರುವುದಿಲ್ಲ. ಕೆಂಪು ಪೆನ್ ಹಿಡಿದು ಹಾಳೆಯನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ನೋಡುತ್ತಾ ಹೋದ.

"ಈ ಮೋರೋವರ್ ಅನ್ನಾಂವ ಯಾರಬೇ? ಒಂದ ಹಾಳ್ಯಾಗ ನಾಕ್ ಸಲ ಬಂದು ಹೋಗ್ಯಾನ."

"ಮತ್ತ ಅಂತ ಅದರ ಅರ್ಥ, ಅಪ್ಪಾ."

"ಮತ್ತ ಮತ್ತ ಮತ್ತ ಮತ್ತ ಅಂತ ಯಾರರ ಮಾತಾಡ್ತಾರೇನು?"

ನನಗೆ ನಗು ಬಂತು, ಸಿಟ್ಟೂ ಬಂತು. ಬಾಗಿಲಿಗೆ ಅಂಟಿಸಿದ ಪಟ್ಟಿ ತೆಗೆದು ನೋಡಿದರೆ ಅಲ್ಲಿಯೂ ಅದೇ ಇತ್ತು: ಜೋಡಿಸುವ ಪದ ಅತಿಯಾಗಬಾರದು. ನಾನು ಇಪ್ಪತ್ತು ಸಲ ಓದಿದ್ದ ಸಾಲು. ನನ್ನ ಹಾಳೆಯಲ್ಲಿ ಕಂಡಿರಲಿಲ್ಲ. ಅಪ್ಪನಿಗೆ ಕಂಡಿತು, ಯಾಕೆಂದರೆ ಅವನಿಗೆ ಅದು ಅರ್ಥವಾಗಲಿಲ್ಲ. ನಾನು ಓದುವಾಗ ಹಾಳೆಯ ಮೇಲಿರುವುದನ್ನು ಓದುವುದಿಲ್ಲ, ತಲೆಯಲ್ಲಿ ಇದ್ದದ್ದನ್ನು ಓದುತ್ತೇನೆ. ತಲೆಯಲ್ಲಿ ಎಲ್ಲ 'ದ'ಗಳೂ ಅವುಗಳ ಜಾಗದಲ್ಲೇ ಇವೆ.

ಅಪ್ಪ ಟ್ರಂಕಿನಿಂದ ಒಂದು ಲಗ್ನಪತ್ರಿಕೆ ತಂದು ತೋರಿಸಿದ. ಅವನದೇ ಮದುವೆಯದು. ತಾನೇ ಬರೆದು, ತಾನೇ ಪ್ರೂಫ್ ನೋಡಿ, ತಾನೇ ಮಷಿನ್‌ಗೆ ಕಳಿಸಿದ್ದು. ಮೇಲೆ ದಪ್ಪ ಅಕ್ಷರದಲ್ಲಿ "ಶುಭ ವಿಹಾವ" ಅಂತ ಇತ್ತು. ಐನೂರು ಪ್ರತಿ. ಅವ್ವನ ತವರಿನವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಆಮೇಲೆ ಅಪ್ಪ ತಾನು ಬರೆದದ್ದನ್ನು ತಾನು ತಿದ್ದುವ ಗೋಜಿಗೆ ಹೋಗಿಲ್ಲ.

ಇದೆಲ್ಲ ನಡೆಯುತ್ತಿರುವುದು ಯಾವ ಊರಲ್ಲಿ ಅಂತ ನೋಡಿ. ನಮ್ಮ ಮನೆಯಿಂದ ವೀರನಾರಾಯಣ ಗುಡಿಗೆ ನಡೆದೇ ಹೋಗಬಹುದು. ಅಲ್ಲಿನ ಒಂದು ಕಂಬಕ್ಕೆ ಒರಗಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ನಂಬಿಕೆ. ಅವನು ತನಗೆ ತಾನೇ ಅಂಕ ಕೊಟ್ಟುಕೊಂಡವನು, ಅದೂ ಕಾವ್ಯದ ಶುರುವಿನಲ್ಲೇ. ಅವನ ಹೆಗ್ಗಳಿಕೆಗಳೂ ಲೆಕ್ಕಕ್ಕೆ ನಾಲ್ಕೇ. ಹಲಗೆ ಬಳಪ ಹಿಡಿದು ಕರಡು ಮಾಡಲಿಲ್ಲ, ಇಟ್ಟ ಪದ ಅಳಿಸಲಿಲ್ಲ, ಬೇರೆಯವರ ರೀತಿ ಎರವಲು ತರಲಿಲ್ಲ, ಓಲೆಗರಿಯ ಮೇಲೆ ಬರೆಯುವ ಕಂಠದ, ಅಂದರೆ ಲೇಖನಿಯ, ಸದ್ದು ನಡುವೆ ನಿಲ್ಲಲಿಲ್ಲ. ನಾಲ್ಕರಲ್ಲೂ ನಾನು ಫೇಲ್. ಕರಡು ಮಾಡುತ್ತೇನೆ, ಗೀಚಿ ಹಾಕುತ್ತೇನೆ, "ಇನ್ ದಿಸ್ ಮಾಡರ್ನ್ ಎರಾ" ಅಂತ ಊರೆಲ್ಲ ಬಾಯಿಪಾಠ ಮಾಡಿದ ಸಾಲನ್ನು ಎರವಲು ತರುತ್ತೇನೆ, ಇನ್ನು ಪೆನ್ನಿನ ಸದ್ದು ಐದು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಬಾಯಿಪಾಠದ ಸಾಲು ಪರೀಕ್ಷಕರಿಗೆ ಗೊತ್ತಾಗಿಬಿಡುತ್ತದೆ, ಅದಕ್ಕೆ ಅಂಕವೂ ಸಿಗುವುದಿಲ್ಲ.

ಆದರೂ ಹೊಟ್ಟೆಕಿಚ್ಚಿಗೆ ಒಂದು ಮಾತು ಹೇಳುತ್ತೇನೆ. ಭಾರತಕ್ಕೆ ಹದಿನೆಂಟು ಪರ್ವ, ಅವನು ಬರೆದದ್ದು ಹತ್ತು. ಅಡುಗೆಮನೆ ಬಾಗಿಲಿನ ಪಟ್ಟಿ ಹಿಡಿದು ನೋಡಿದರೆ "ಕೇಳಿದ್ದಕ್ಕೆ ಪೂರ್ತಿ ಉತ್ತರ" ಅನ್ನುವ ಕಾಲಮ್ಮಿನಲ್ಲಿ ಅವನಿಗೂ ಕಡಿತ ಆಗುತ್ತಿತ್ತು. ಉಳಿದ ಮೂರರಲ್ಲಿ 9 ಕೊಡದೆ ಗತಿಯಿಲ್ಲ ಅನ್ನಿ.

ಅವನ ಬಗ್ಗೆ ಇನ್ನೊಂದು ಕತೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಕಾವ್ಯ ಹರಿಯುತ್ತಿತ್ತು, ಆರಿದ ಮೇಲೆ ನಿಂತುಬಿಡುತ್ತಿತ್ತು. ಗದಗಿನ ಬೇಸಿಗೆಯ ಗಾಳಿಗೆ ಒದ್ದೆ ಪಂಚೆ ಎಷ್ಟು ಹೊತ್ತು ಹಸಿ ಇರುತ್ತದೆ ಅಂತ ಒಂದು ಭಾನುವಾರ ಅಪ್ಪನ ಪಂಚೆ ಹಿಂಡಿ, ತಂತಿಗೆ ಹಾಕಿ ಗಡಿಯಾರ ನೋಡಿದೆ. ಹೆಚ್ಚುಕಮ್ಮಿ ನಲವತ್ತು ನಿಮಿಷ. ಎರಡನೆಯ ಬರಹಕ್ಕೆ ಕೊಡುವಷ್ಟೇ. ಅಪ್ಪ ಇದನ್ನು ಕೇಳಿ ನಗಲಿಲ್ಲ. ಪ್ರೆಸ್ಸಿನಲ್ಲಿ ಆಗಷ್ಟೇ ಅಚ್ಚಾದ ಹಾಳೆಯನ್ನು ಮುಟ್ಟಲು ಬಿಡುತ್ತಿರಲಿಲ್ಲವಂತೆ. ಮಸಿ ಹಸಿ ಇರುವಾಗ ಬೆರಳು ಇಟ್ಟರೆ ಅಕ್ಷರವೂ ಕೆಡುತ್ತದೆ, ಬೆರಳೂ ಕೆಡುತ್ತದೆ.

ಹಾಗಾಗಿ ಈಗ ಬರೆದ ಹಾಳೆಯನ್ನು ಅವತ್ತೇ ಅಳೆಯುವುದಿಲ್ಲ. ದಿನಾಂಕ ಹಾಕಿ ಹಿಟ್ಟಿನ ಡಬ್ಬಿಯ ಕೆಳಗೆ ಇಡುತ್ತೇನೆ. ಎಂಟು ದಿನ ಬಿಟ್ಟು ತೆಗೆದು, ಅಪ್ಪನ ಹಾಗೆ ಕೊನೆಯ ವಾಕ್ಯದಿಂದ ಮೇಲಕ್ಕೆ ಹೋಗುತ್ತೇನೆ. ಮೊದಲ ಸಲ ಹಾಗೆ ಓದಿದಾಗ "ಒನ್ ಆಫ್ ದ ಮೇನ್ ರೀಸನ್ ಆರ್" ಅಂತ ಒಂದು ಸಾಲು ಸಿಕ್ಕಿತು. ಯಾರಿದು ಬರೆದದ್ದು ಅಂತ ನಿಜವಾಗಿ ಅನ್ನಿಸಿತು. ಕೆಂಪು ಪೆನ್ನಿನಲ್ಲಿ 'ಎಸ್' ಸೇರಿಸಿ, 'ಆರ್' ಹೊಡೆದು 'ಈಸ್' ಮಾಡಿ, ಕರುಣೆಯಿಲ್ಲದೆ ಆರು ಹಾಕಿದೆ. ಆರೂವರೆ ಅಲ್ಲ. ಇನ್ನೊಂದು ಹಾಳೆಗೆ ಆರೂವರೆ ಬಂತು, ಅದನ್ನು ಮಧ್ಯಾಹ್ನ ಊಟದ ಮೇಲೂ ಬದಲಾಯಿಸಲಿಲ್ಲ.

ಸೋಮವಾರ ಬರೆದದ್ದು ಒಂದು ಡಬ್ಬಿಯ ಕೆಳಗಿದೆ. ಚೆನ್ನಾಗಿ ಬಂದಿದೆ ಅಂತ ನನ್ನ ಗುಮಾನಿ. ನಿನ್ನೆ ರಾತ್ರಿ ರೊಟ್ಟಿಗೆ ಹಿಟ್ಟು ತೆಗೆಯುವ ನೆಪದಲ್ಲಿ ಡಬ್ಬಿ ಸ್ವಲ್ಪ ಸರಿಸಿದೆ. ಪಡಸಾಲೆಯಿಂದ ಅಪ್ಪ ಕೇಳಿದ, "ಆರೇತೇನಬೇ?"

"ಇನ್ನೂ ಹಸಿ ಐತಪ್ಪಾ," ಅಂದೆ.