ಎರಡು ಸೊನ್ನೆಗಳ ಗೊಂದಲ

ಕಡತದಲ್ಲಿ "ಬೆಂಗಳೂರು" ಅಂತ ಹುಡುಕಿದರೆ, ಕಣ್ಣೆದುರೇ ಇರುವ "ಬೆ೦ಗಳೂರು" ಸಿಗುವುದಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿದೆ. ಬಾಯಲ್ಲಿ ಎರಡೂ ಸೊನ್ನೆಯೇ, ಎಷ್ಟೋ ಫಾಂಟ್‌ಗಳಲ್ಲಿ ಕಾಣುವುದೂ ಒಂದೇ ಥರ. ಅಕ್ಷರ, ಚಿಹ್ನೆ, ಅಂಕಿ ಒಂದೊಂದಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಮಾತ್ರ ಅನುಸ್ವಾರ 3202, ಅಂಕಿ 3302. ಕನ್ನಡಕ್ಕೆ ಕೊಟ್ಟ ಜಾಗವೇ 3200ರಿಂದ 3327ರವರೆಗೆ, 128 ಮನೆ. ಅದರಲ್ಲಿ ಇವೆರಡು ನೂರು ಮನೆ ದೂರ.

ಹುಡುಕಾಟ ತಪ್ಪುವುದಷ್ಟೇ ಅಲ್ಲ. ಊರುಗಳ ಪಟ್ಟಿಯನ್ನು ಸಂಕೇತಸಂಖ್ಯೆಯ ಪ್ರಕಾರ ಜೋಡಿಸಿದರೆ ಈ "ಬೆ೦ಗಳೂರು" ಬೆಳಗಾವಿಗಿಂತ ಕೆಳಗೆ ಬೀಳುತ್ತದೆ.

ತಿದ್ದುವುದು ಕಷ್ಟವಲ್ಲ, ಆದರೆ ಕಣ್ಣುಮುಚ್ಚಿ ಎಲ್ಲ ಸೊನ್ನೆ ಬದಲಿಸಿದರೆ ೨೦೧೦ ಹಾಳಾಗುತ್ತದೆ. ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಮಾತ್ರ ಬದಲಿಸಿ, ಅಂಕಿ ಇದ್ದರೆ ಬಿಡಿ. ಉಲ್ಟಾ ತಪ್ಪನ್ನೂ ನೋಡಿ: "೧ಂ" ಅಂತ ಅನುಸ್ವಾರ ಹಾಕಿ ಹತ್ತು ಬರೆಯುವವರಿದ್ದಾರೆ. "ಕೊ" ಬೇರೆ ಕಥೆ. ಅದರ ಒತ್ವ 3274 ಎಂದು ಒಂದೇ ಸಂಕೇತವಾಗಿರಬಹುದು, 3270 ಮತ್ತು 3266 ಎಂದು ಎರಡಾಗಿಯೂ ಇರಬಹುದು. ಇವೆರಡೂ ಸಮ ಎಂದು ಯುನಿಕೋಡ್ ಒಪ್ಪಿರುವುದರಿಂದ ನಾರ್ಮಲೈಸೇಶನ್ (ಸಮವಾದವನ್ನು ಒಂದೇ ರೂಪಕ್ಕೆ ತರುವುದು) ಮಾಡಿದರೆ ಒಂದಾಗುತ್ತವೆ. ಸೊನ್ನೆಗಳಿಗೆ ಆ ಭಾಗ್ಯವಿಲ್ಲ, ನಾವೇ ಹೆಕ್ಕಬೇಕು.

ಅರ್ಕಾವತ್ತಿಗೆ ಬರೋಣ. "ಸೂರ್ಯ" ಪದದ ಕೊನೆಯ ಅಕ್ಷರದಲ್ಲಿ ಕಣ್ಣಿಗೆ ಯ ಮೊದಲು, ಅರ್ಕಾವತ್ತು ಆಮೇಲೆ. ಸಂಕೇತದಲ್ಲಿ ಉಚ್ಚಾರದ ಕ್ರಮ: ರ 3248, ಸ್ವರ ಕಳೆಯುವ ಗುರುತಾದ ಹಲಂತ 3277, ಯ 3247. ಹಳೆಯ ನುಡಿ ಫಾಂಟ್‌ನ ಪಠ್ಯ ಕಣ್ಣಿನ ಕ್ರಮದಲ್ಲಿತ್ತು. ಹಾಗಾಗಿ ಅದನ್ನು ಯುನಿಕೋಡ್‌ಗೆ ತರುವ ಪರಿವರ್ತಕ ಅರ್ಕಾವತ್ತನ್ನು ಎತ್ತಿ ಹಿಂದಿನ ಇಡೀ ಒತ್ತಕ್ಷರ ದಾಟಿಸಿ ಮುಂದಿಡಬೇಕು. ಒಂದೇ ಅಕ್ಷರ ಹಿಂದೆ ಹೋಗುವ ಪರಿವರ್ತಕದ ಕೈಯಲ್ಲಿ "ಸಾಮರ್ಥ್ಯ"ದಂಥ ಪದಗಳು ನಜ್ಜುಗುಜ್ಜು. "ರ‍್ಯಾಲಿ"ಯಲ್ಲಿ ಅರ್ಕಾವತ್ತು ಬೇಡ, ರ ಕೆಳಗೆ ಯವೊತ್ತು ಬೇಕು ಎಂದರೆ ರ ಆದ ತಕ್ಷಣ, ಹಲಂತಕ್ಕೆ ಮೊದಲು, ಕಾಣದ ಜೋಡಣೆ ಗುರುತು 8205 ಹಾಕಬೇಕು. ಹಾಕದಿದ್ದರೆ "ರ್ಯಾಲಿ". "ಫೇಸ್‌ಬುಕ್"ಗೆ ಅದರ ತಮ್ಮ, ಬಿಡಿಸುವ ಗುರುತು 8204, ಹಲಂತದ ನಂತರ. ಕೆಲವು ತಂತ್ರಾಂಶಗಳು ಇವನ್ನು ಕಸವೆಂದು ಗುಡಿಸಿ ಹಾಕುತ್ತವೆ, ಆಗ ಉಳಿಯುವುದು "ಫೇಸ್ಬುಕ್". ಕಾಣದ್ದೆಲ್ಲ ಕಸ ಎಂದುಕೊಂಡವರು ಕನ್ನಡದ ಪಠ್ಯ ಮುಟ್ಟಬಾರದು!

ಲೆಕ್ಕದಲ್ಲೂ ಎಡವುತ್ತಾರೆ. "ಸ್ತ್ರೀ" ನಮಗೆ ಒಂದಕ್ಷರ, ಯಂತ್ರಕ್ಕೆ ಆರು ಸಂಕೇತ, ಯುನಿಕೋಡನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಸಂಕೇತಕ್ಕೆ ಮೂರರಂತೆ 18 ಬೈಟ್. ಕನ್ನಡದ ಎಸ್ಸೆಮ್ಮೆಸ್ಸಿಗೆ 160 ಅಲ್ಲ, 70 ಸಂಕೇತವಷ್ಟೇ ಮಿತಿ. ಅರ್ಜಿಯ ಹೆಸರಿನ ಖಾನೆಗೆ 30 ಬೈಟ್ ಇಟ್ಟರೆ ಹತ್ತು ಸಂಕೇತಕ್ಕೆ ಮುಗಿಯಿತು, ಹೆಸರಿನ ಬಾಲ ಕತ್ತರಿ.

ಯುನಿಕೋಡನ್ನೇ ಬೈಯುವವರಿಗೆ ಒಂದು ನ್ಯಾಯವಾದ ದೂರು ಇದೆ: ವರ್ಣಮಾಲೆಯ ಕೊನೆಯ ಳ ಅಲ್ಲಿ 3251, ವ 3253. ಭಾರತದ ಲಿಪಿಗಳಿಗೆಲ್ಲ ಒಂದೇ ಸಾಲು ಹಾಕಿದ್ದ ಇಸ್ಕಿ ಎಂಬ ಹಳೆಯ ಸಂಕೇತ ಪದ್ಧತಿಯಿಂದ ಬಂದ ಬಳುವಳಿ ಇದು. ಅದೇ ಸಾಲಿನಿಂದಾಗಿ ತೆಲುಗಿನ ಕ (3093) ಜೊತೆ 128 ಕೂಡಿದರೆ ನಮ್ಮ ಕ (3221) ಸಿಗುತ್ತದೆ. ಲಿಪಿ ಬದಲಿಸುವವರಿಗೆ ಹಬ್ಬ, ಅಕಾರಾದಿ ಮಾಡುವವರಿಗೆ ತಲೆನೋವು. ನಿಘಂಟು, ಮತದಾರರ ಪಟ್ಟಿ ಏನೇ ಇರಲಿ, ಸಂಕೇತಸಂಖ್ಯೆಯನ್ನು ನಂಬದೆ ಕನ್ನಡದ ಜೋಡಣಾ ನಿಯಮವನ್ನೇ ಆರಿಸಿ. ಅದಕ್ಕೆ ಮೊದಲು ಆ ಸೊನ್ನೆಗಳನ್ನು ತಿದ್ದಿರಿ.