ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಕೆಲಸ

ದಾರಕ್ಕೆ ಗಂಟು ಹಾಕುತ್ತಾ ಮಾಡುವ ಟ್ಯಾಟಿಂಗ್ ಲೇಸಿಗೆ ಇರುವ ಒಂದು ಗುಣ ಬೇರೆ ಕೈಕೆಲಸಗಳಿಗೆ ಕಡಿಮೆ. ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕ್ರೋಶಾ ಹಾಕುವಾಗ ಕಡ್ಡಿ ಕಳಚಿಕೊಂಡು ಯಾರೋ ದಾರ ಜಗ್ಗಿದರೆ ಒಂದಿಡೀ ಮಧ್ಯಾಹ್ನದ ಕೆಲಸ ಸರಸರ ಬಿಚ್ಚಿಹೋಗುತ್ತದೆ. ಸ್ವೆಟರ್ ಹೆಣೆಯುವವರಿಗೆ 'ಈ ಸಾಲು ಮುಗಿಸಿ ಬಂದೆ' ಅನ್ನುವ ಸವಲತ್ತಿದೆ. ಟ್ಯಾಟಿಂಗಿನಲ್ಲಿ ಎಲ್ಲವೂ ಗಂಟು. ಹಾಕಿದ ಗಂಟು ಹಾಕಿದ ಕಡೆಯೇ ಗಟ್ಟಿಯಾಗಿ ಕೂತಿರುತ್ತದೆ. ಈ ವಿಷಯ ಮನೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಕ್ಷೇಮ. ನಮ್ಮ ಮನೆಯಲ್ಲಿ ಅದು ಬಿದ್ದಾಗಿದೆ.

"ಹೆಂಗೂ ನಿಲ್ಲಿಸ್ಬೋದಲ್ಲ, ಒಂಚೂರು ಬಾ ಇಲ್ಲಿ." ಕುವೆಂಪುನಗರದ ನಮ್ಮ ಮನೆಯಲ್ಲಿ ದಿನ ಶುರುವಾಗುವುದು, ಮುಗಿಯುವುದು ಇದೇ ಮಾತಿನಿಂದ. ಸಂಪ್‌ಗೆ ನೀರು ಬಂತಾ ನೋಡಬೇಕು. ಹಾಲು ಉಕ್ಕುತ್ತಾ ನೋಡಬೇಕು. ಎದುರಿಗೇ ಇರುವ ಕನ್ನಡಕ ಎಲ್ಲಿದೆ ಎಂದೂ ನೋಡಿ ಹೇಳಬೇಕು. ಇವರು ಪೇಪರ್ ಓದುತ್ತಿದ್ದರೆ ಮಾತ್ರ ಯಾರೂ ಕರೆಯುವುದಿಲ್ಲ. ಪೇಪರನ್ನು ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲವಂತೆ.

ಈ ಕಸುಬಿಗೆ ಬೇಕಾದದ್ದು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಲಾಳಿ, ಒಂದು ಉಂಡೆ ಹತ್ತಿ ದಾರ, ಹತ್ತು ಬೆರಳು. ದಾರ ಸಿಗುತ್ತದೆ. ನಂಬರ್ ಏರಿದಷ್ಟೂ ಎಳೆ ಸಣ್ಣ: 20 ನೆಟ್ಟಗಿದೆ, 40 ನಾಜೂಕು, 80 ಕಣ್ಣಿಗೆ ಶತ್ರು. ಸಿಗದಿರುವುದು ಲಾಳಿ. ಶಿವರಾಂಪೇಟೆಯ ಅಂಗಡಿಯೊಂದರಲ್ಲಿ "ಶಟಲ್ ಇದೆಯಾ?" ಅಂದೆ. "ಉಷಾ ಮಿಷನ್ನಿಂದಾ, ಸಿಂಗರ್‌ದಾ?" ಅಂದರು. ಮಿಷನ್ನಿನದಲ್ಲ, ಕೈಯಲ್ಲೇ ಆಡಿಸುವುದು ಎಂದು ವಿವರಿಸಿದೆ. "ಓ, ಅದಾ! ಅದಕ್ಕೆ ಸ್ಪೋರ್ಟ್ಸ್ ಅಂಗಡಿಗೆ ಹೋಗ್ಬೇಕು ಮೇಡಂ" ಎಂದು ದಾರಿಯನ್ನೂ ತೋರಿಸಿದರು. ಕೊನೆಗೆ ಆನ್‌ಲೈನಿನಲ್ಲಿ ತರಿಸಿದ್ದಾಯಿತು.

ಕಲಿಯುವಾಗ ಎಲ್ಲರನ್ನೂ ಅಳಿಸುವ ಗುಟ್ಟು ಒಂದಿದೆ. ಎಡಗೈ ಬೆರಳುಗಳ ಸುತ್ತ ದಾರದ ಬಳೆ ಮಾಡಿ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದುಕೊಳ್ಳುತ್ತೀರಿ. ಬಲಗೈಯ ಲಾಳಿ ಅದರ ಕೆಳಗೊಮ್ಮೆ ಮೇಲೊಮ್ಮೆ ನುಸುಳುತ್ತದೆ. ಗಂಟು ಹಾಕುತ್ತಿರುವುದು ಲಾಳಿಯ ದಾರವೇ ಅನ್ನಿಸುತ್ತದೆ. ಆದರೆ ಬಿಗಿಯುವ ಕ್ಷಣದಲ್ಲಿ ಎಡಗೈ ಬೆರಳನ್ನು ಸಡಿಲ ಬಿಟ್ಟು ಲಾಳಿಯ ದಾರವನ್ನು ನೆಟ್ಟಗೆ ಎಳೆದರೆ, ಗಂಟು ಟಪಕ್ಕನೆ ಲಾಳಿಯ ದಾರದಿಂದ ಬೆರಳ ಸುತ್ತಿನ ದಾರಕ್ಕೆ ನೆಗೆಯುತ್ತದೆ. ನೆಗೆದರೆ ಲಾಳಿಯ ದಾರ ಗಂಟುಗಳ ಒಳಗೆ ಜಾರುತ್ತದೆ, ಕೊನೆಯಲ್ಲಿ ಎಳೆದಾಗ ಉಂಗುರ ಮುಚ್ಚುತ್ತದೆ. ನೆಗೆಯದಿದ್ದರೆ ಅಲ್ಲಿಗೆ ಬೀಗ. ಇಪ್ಪತ್ತರಲ್ಲಿ ಒಂದೇ ಒಂದು ಗಂಟು ಮುನಿಸಿಕೊಂಡರೂ ಸಾಕು. ಬಿಚ್ಚುತ್ತೇನೆಂದು ಸೂಜಿ ಹಿಡಿದು ಕೂತರೆ ಸಂಜೆಯಾಗುತ್ತದೆ; ಮುಚ್ಚಿದ ಉಂಗುರಕ್ಕಂತೂ ಕತ್ತರಿಯೇ ಗತಿ.

ಹಾಗಾಗಿ ನಿಲ್ಲಿಸಬಹುದು ನಿಜ, ಆದರೆ ಉಂಗುರ ಅರ್ಧವಾಗಿದ್ದಾಗ ಎಡಗೈ ದಾರದೊಳಗೆ ಸೆರೆ. ಗ್ಯಾಸ್ ಸಿಲಿಂಡರ್ ಬರುವುದು ಸರಿಯಾಗಿ ಆಗಲೇ. ಒಂದು ಕೈಯನ್ನು ಎತ್ತಿ ಹಿಡಿದುಕೊಂಡೇ ಬಾಗಿಲು ತೆಗೆದು, ಮೊಣಕೈಯಲ್ಲಿ ಮೊಬೈಲ್ ಒತ್ತಿಕೊಂಡು ಓಟಿಪಿ ಹುಡುಕುತ್ತಿದ್ದೆ. ಸಿಲಿಂಡರ್ ಹುಡುಗ ನನ್ನ ಬೆರಳುಗಳನ್ನೇ ನೋಡಿದ. "ಅಯ್ಯೋ, ಕೈಗೇನಾಯ್ತಕ್ಕ? ಪಟ್ಟಿ ಬಿಚ್ಕೊಂಡೋಗ್ತಾ ಐತೆ" ಅಂದ. ಸಿಲಿಂಡರನ್ನು ತಾನೇ ಅಡುಗೆಮನೆಯವರೆಗೂ ಹೊತ್ತು ಇಟ್ಟ. ಅವತ್ತು ನಾನು ನಿಜ ಹೇಳಲಿಲ್ಲ.

ರೊಮೇನಿಯಾದ ರಾಣಿ ಎಲಿಜಬೆತ್ ಎಂಬಾಕೆಗೆ ಟ್ಯಾಟಿಂಗ್ ಹುಚ್ಚು ಬಹಳ. 1916ರಲ್ಲಿ ತೀರಿಕೊಂಡಳು. ಲೇಸಿನ ನಡುವೆ ಮುತ್ತು, ಹರಳು ಪೋಣಿಸುತ್ತಿದ್ದಳು. ಪೋಣಿಸಲಿ ಬಿಡಿ. ಉಂಗುರದ ನಡುವೆ ಅವಳನ್ನು ಕರೆದು ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಕೇಳುವವರು ಅರಮನೆಯಲ್ಲಿ ಇದ್ದಿರಲಾರರು. ನಮ್ಮಲ್ಲಿ ಗಂಟೂ ಕೂಗೂ ಒಟ್ಟಿಗೇ ಎಣಿಸಬೇಕು. ಐದು ಗಂಟು, ಒಂದು ಪೀಕೋ (ಗಂಟುಗಳ ನಡುವೆ ಬಿಡುವ ಪುಟ್ಟ ಕುಣಿಕೆ), ಐದು ಗಂಟು, ಎರಡನೇ ಕೂಗು. ಕೆಲವು ದಿನ ಉಂಗುರಕ್ಕೆ ಮೂರೇ ಗಂಟು ಬೀಳುತ್ತದೆ, ಬೇಳೆಗೆ ಹದಿನೈದು ಕೂಗು.

ಹಿತ್ತಲಿಗೆ ಹೋದರೆ ಶಾಂತಿ ಸಿಕ್ಕೀತು ಎಂದು ನೈಟಿಯ ಜೇಬಿನಲ್ಲಿ ಲಾಳಿ ಹಾಕಿಕೊಂಡು ಮಲ್ಲಿಗೆ ಬಳ್ಳಿಯ ಪಕ್ಕ ಕೂರುವುದೂ ಉಂಟು. ಅಲ್ಲಿ ನಿಂಬೆ ಗಿಡದಲ್ಲಿ ಒಂದು ಸಿಂಪಿಗ ಹಕ್ಕಿ ಗೂಡು ಕಟ್ಟಿತ್ತು. ಎಲೆಯಂಚಿಗೆ ಕೊಕ್ಕಿನಿಂದ ತೂತು ಕೊರೆದು, ನಾರು ತೂರಿಸಿ, ಆಚೆ ಬದಿ ತುದಿಯನ್ನು ಕೆದರಿ ಬಿಡುತ್ತದೆ ಅಷ್ಟೆ. ಗಂಟೇ ಹಾಕುವುದಿಲ್ಲ. ನನ್ನ ತುಂಡು ದಾರಗಳನ್ನು ಒಯ್ದು ಗಂಟಿಲ್ಲದೆ ಸಂಸಾರ ಹೂಡಿದ ಆ ಹಕ್ಕಿಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ಸಂಕ್ರಾಂತಿಗೆ ಶುರು ಮಾಡಿದ ದಿಂಬಿನ ಅಂಚು ಎರಡು ಮೊಳ ಆಗುವಷ್ಟರಲ್ಲಿ ಆಷಾಢ ಬಂದಿತ್ತು. ತೊಳೆದು ತಂತಿಯ ಮೇಲೆ ಹಾಕಿದ್ದೆ. ಆಷಾಢದ ಗಾಳಿ ಕೇಳಬೇಕೆ! ಸ್ವಲ್ಪ ಹೊತ್ತಿಗೆಲ್ಲ ಹಿತ್ತಲಿಂದ ಇವರ ಕೂಗು: "ದಾಸವಾಳಕ್ಕೆ ಮತ್ತೆ ಬಿಳಿ ಹುಳ ಬಿದ್ದಿದೆ ಕಣೇ, ನೀನು ಬರ್ಬೇಡ, ನಾನು ನೋಡ್ಕೋತೀನಿ!" ಕೆಲಸ ನಿಲ್ಲಿಸಿ ಬಾ ಅನ್ನದೆ ಇದ್ದದ್ದು ಅದೇ ಮೊದಲು. ಸಂತೋಷದಿಂದ ಒಳಗೇ ಕೂತೆ. ಹಿಟ್ಟು ತಿಗಣೆಗೆ ಬೇವಿನೆಣ್ಣೆ, ಸೋಪಿನ ನೀರು ಕಲಸಿ ಹೊಡೆಯುವುದು ಸರಿಯಾದ ಔಷಧಿಯೇ. ಇವರು ಅಳತೆಯಲ್ಲೂ ತಪ್ಪಿಲ್ಲ. ಆಮೇಲೆ ಬೆವರು ಒರೆಸಿಕೊಂಡು ಬಾಗಿಲಲ್ಲಿ ನಿಂತು, "ಇದ್ಯಾವುದೋ ಹೊಸ ಜಾತಿ ಕಣೇ. ಎಷ್ಟು ಹೊಡೆದ್ರೂ ಸಾಯ್ತಾ ಇಲ್ಲ. ಉಂಗುರ ಉಂಗುರವಾಗಿ ಸಾಲಾಗಿ ಕೂತಿದೆ" ಅಂದರು.

ಲೇಸು ತಿಳಿ ಹಳದಿಯಾಗಿತ್ತು. ಸೀಗೆಕಾಯಿಯಿಂದ ಹಿಡಿದು ಬೇಕಿಂಗ್ ಸೋಡಾದ ತನಕ ಎಲ್ಲಾ ಆಯಿತು. ಬಣ್ಣ ಹೋಯಿತು, ವಾಸನೆ ಹೋಗಲಿಲ್ಲ. ಗಾಳಿಯಾಡಲಿ ಎಂದು ದೇವರಮನೆಯ ಕಿಟಕಿಗೆ ತಗುಲಿಹಾಕಿದ್ದೆ.

ಆ ಜಾಗದ ಬಗ್ಗೆ ಒಂದು ಮಾತು. ನಮ್ಮತ್ತೆ ಪ್ರತಿ ಶ್ರಾವಣಕ್ಕೂ ಗೆಜ್ಜೆವಸ್ತ್ರ ತಾವೇ ಮಾಡುತ್ತಾರೆ. ಹತ್ತಿ ಹಿಂಜಿ, ಹಾಲಿನ ಕೈಯಲ್ಲಿ ಹೊಸೆದು, ನಡುನಡುವೆ ಕುಂಕುಮ ಮುಟ್ಟಿಸುತ್ತಾರೆ. ಈ ವರ್ಷ ಬೆರಳು ನೋವು. ಸೊಸೆ ಹೇಳಿಸಿಕೊಳ್ಳದೆಯೇ ಮಾಡಿ, ತೊಳೆದು, ಮಡಿಯಾಗಿ ದೇವರಮನೆಯಲ್ಲೇ ಒಣಗಹಾಕಿದ್ದಾಳೆ! ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ನಾನು ಹೋಳಿಗೆ ತಟ್ಟಿ ಮುಗಿಸಿ ಬಂದು ನೋಡಿದರೆ, ನನ್ನ ಎರಡು ಮೊಳ ಕಳಶದ ಕೊರಳಲ್ಲಿ. ಪ್ರತಿ ಉಂಗುರದ ನಡುವೆಯೂ ಅಚ್ಚುಕಟ್ಟಾಗಿ ಒಂದೊಂದು ಕುಂಕುಮದ ಬೊಟ್ಟು.

"ಬೇವಿನ ವಾಸನೆ ಬರುತ್ತಲ್ಲೇ" ಅಂದರು ಅತ್ತೆ. "ಇರ್ಲಿ ಬಿಡು, ಒಳ್ಳೇದೇ. ಹುಳ ಹತ್ತಲ್ಲ."

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರ ಕಣ್ಣೆಲ್ಲ ಅದರ ಮೇಲೇ. ದೇವರಾಜ ಮಾರ್ಕೆಟ್ಟಿನಲ್ಲಿ ಸಿಕ್ಕಿತಾ, ಜೋಡಿ ಎಷ್ಟು ಎಂದು ವಿಚಾರಿಸಿದರು. ಸೊಸೆಯ ಕೈಕೆಲಸ ಎಂದು ಅತ್ತೆ ಹೆಮ್ಮೆಯಿಂದ ಹೇಳಿದ ಮೇಲೆ ಎದುರುಮನೆಯವರು ನನ್ನ ಕಡೆ ತಿರುಗಿದರು. "ಹಾಗಾದ್ರೆ ಸೀರೆಗೆ ಕುಚ್ಚೂ ಹಾಕ್ತೀರಾ? ಮಗಳ ಮದುವೆ ಇದೆ."

ಇದು ಕುಚ್ಚಲ್ಲ, ಕ್ರೋಶಾನೂ ಅಲ್ಲ, ಟ್ಯಾಟಿಂಗ್ ಎಂದೆ. "ಅದೇ, ಅದನ್ನೇ ಹಾಕಿ" ಅಂದರು.

"ಅದಕ್ಕೇನಂತೆ, ಹಾಕ್ತಾಳೆ. ಕೆಲಸದ ಮಧ್ಯೆ ಮಧ್ಯೆ ಮಾಡ್ತಿರ್ತಾಳೆ, ಎಲ್ಲಿ ಬೇಕಾದ್ರೂ ನಿಲ್ಲಿಸ್ಬೋದಂತೆ" ಅಂದರು ಅತ್ತೆ.

ಲೆಕ್ಕ ಹೇಳಿದರೆ ಹೆದರಿ ಬಿಟ್ಟುಬಿಟ್ಟಾರು ಅನ್ನಿಸಿತು. ಪಕ್ಕ ಕೂರಿಸಿಕೊಂಡು ಹೇಳಿದೆ: ಸೆರಗಿನ ಅಗಲ 45 ಇಂಚು ಅಂತಿಟ್ಟುಕೊಳ್ಳಿ. ಇಂಚಿಗೆ ಎರಡೇ ಉಂಗುರ ಅಂದರೂ 90. ಉಂಗುರಕ್ಕೆ 20 ಗಂಟು, ಒಟ್ಟು 1800. ಒಂದೊಂದು ಗಂಟಿಗೂ ಲಾಳಿ ಎರಡು ಸಲ ಓಡಬೇಕು, ಅಲ್ಲಿಗೆ 3600. ನಡುವಿನ ಕಮಾನುಗಳ ಲೆಕ್ಕ ಬೇರೆ.

ಎದುರುಮನೆಯವರು ತಾಂಬೂಲ ಮಡಿಲಿಗೆ ಹಾಕಿಕೊಂಡು ಎದ್ದರು. "ಅಯ್ಯೋ, ಬರೀ 90 ಉಂಗುರನಾ? ಹಾಗಾದ್ರೆ ಬ್ಲೌಸ್ ತೋಳಿಗೂ ಹಾಕ್ಬಿಡಿ."